ಇಂಟ್ರೆಪಿಡ್ ಅನ್ನಲು ಹೋಗಿ ಇನ್ಸಿಪಿಡ್ ಅಂದೆ

ಎಂಗೇಜ್‌ಮೆಂಟ್ ಆಗಿ ತಿಂಗಳು ತುಂಬಿರಲಿಲ್ಲ, ಮದುವೆಯಾಗಬೇಕಿದ್ದ ಹುಡುಗನಿಗೆ ‘ನೀವು ಸಪ್ಪೆ ಮನುಷ್ಯ’ ಎಂದು ಮೆಸೇಜ್ ಕಳಿಸಿಬಿಟ್ಟೆ.

ಅದೂ ಇಂಗ್ಲಿಷಿನಲ್ಲಿ. ಅದೂ ಹೊಗಳುತ್ತಿದ್ದೇನೆ ಎಂದುಕೊಂಡು...

ಇದಕ್ಕೆಲ್ಲ ಮೂಲ ನಮ್ಮ ಕಾಕಾ. ಮೂಡಲಗಿಯ ಅವರ ಮನೆಯಲ್ಲೇ ಕನ್ಯೆ ನೋಡುವ ಶಾಸ್ತ್ರ ನಡೆದದ್ದು. ಹುಡುಗ ಮಹಾಂತೇಶ, ಹುಕ್ಕೇರಿ ತಾಲೂಕಿನ ಕಣಗಲಾದವರು, ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ.

ಹುಡುಗನ ಭಾವ ಚಹಾ ಕುಡಿಯುತ್ತ, ನಮ್ಮವ ಫ್ಯಾಕ್ಟರಿಯಲ್ಲಿ ಸಾಹೇಬರ ಜೊತೆ ಇಂಗ್ಲಿಷೇ ಮಾತಾಡುವುದು ಎಂದರು. ಕಾಕಾ ಬಿಡುತ್ತಾರೆಯೇ?

"ನಮ್ಮ ಹುಡುಗಿ ಇಂಗ್ಲಿಷ್ ಪೇಪರ್ ಬಿಟ್ಟು ಬ್ಯಾರೆ ಮುಟ್ಟೂದಿಲ್ರಿ."

ಆಗ ನಾನು ಗೋಕಾಕದ ಬಟ್ಟೆ ಅಂಗಡಿಯೊಂದರಲ್ಲಿ ಅಕೌಂಟ್ಸ್ ನೋಡುತ್ತಿದ್ದೆ. ಇಂಗ್ಲಿಷ್ ಪೇಪರ್ ಮುಟ್ಟುತ್ತಿದ್ದದ್ದು ನಿಜ, ಸೀರೆಯ ಮಡಿಕೆಗಳ ನಡುವೆ ಇಡಲು. ತಲೆ ತಗ್ಗಿಸಿದೆ. ಎಲ್ಲರೂ ಅದನ್ನು ವಿನಯ ಎಂದುಕೊಂಡರು.

ಎಂಗೇಜ್‌ಮೆಂಟಿನ ಮರುದಿನವೇ ಅವರ ಮೊದಲ ಮೆಸೇಜ್ ಬಂತು. ಇಂದು ನೀವು ‘ಎಬುಲಿಯಂಟ್’ ಆಗಿದ್ದೀರಿ ಎಂದು ನಂಬಿದ್ದೇನೆ.

ಫೋನಿನ ಡಿಕ್ಷನರಿ ತೆರೆದೆ. ಮೊದಲ ಅರ್ಥ, ಕುದಿಯುತ್ತಿರುವ. ನಾನೇಕೆ ಕುದಿಯಲಿ? ಕೆಳಗೆ ನೋಡಿದರೆ ‘ಉತ್ಸಾಹ ಉಕ್ಕುವ’ ಅಂತಲೂ ಇತ್ತು. ಜೀವ ಬಂತು.

ಸುಮ್ಮನಿದ್ದರೆ ಕಾಕಾನ ಮರ್ಯಾದೆ ಪ್ರಶ್ನೆ. ದಿನಕ್ಕೊಂದು ಕಠಿಣ ಶಬ್ದ ಕಲಿಸುವ ಆ್ಯಪ್ ಹಾಕಿಕೊಂಡೆ. ಕೈಯಲ್ಲಿ ಬಿಲ್ಲು, ಬಾಯಲ್ಲಿ ಶಬ್ದ.

‘ಸ್ಯಾಂಗ್ವಿನ್’ ಅಂದರೆ ಆಶಾವಾದಿ ಎಂದು ಆ್ಯಪ್ ಹೇಳಿತು. ನಾನು ಸ್ಯಾಂಗ್ವಿನ್ ಆಗಿದ್ದೇನೆ ಎಂದು ಬರೆದೆ. ಉತ್ತರ ಬರಲು ಸಂಜೆಯಾಯಿತು. ಕೆಲಸ ಇರಬೇಕು ಅಂದುಕೊಂಡೆ.

ಇಬ್ಬರಲ್ಲಿ ಒಬ್ಬರೂ ಫೋನ್ ಮಾಡಲಿಲ್ಲ. ಮಾಡಿದರೆ ಇಂಗ್ಲಿಷಿನಲ್ಲಿ ಮಾತಾಡಬೇಕಲ್ಲ...

ಒಂದು ದಿನ ಅವರು, ಕ್ವಾರ್ಟರ್ಸಿಗೆ ನುಗ್ಗಿದ್ದ ಹಾವನ್ನು ಹಿಡಿದು ಕಬ್ಬಿನ ಹೊಲಕ್ಕೆ ಬಿಟ್ಟು ಬಂದೆ ಎಂದು ಬರೆದರು. ಖರೆ ಹೇಳುತ್ತೇನೆ, ಈ ಮನುಷ್ಯ ನನಗೆ ಇಷ್ಟವಾದದ್ದು ಅವತ್ತೇ.

‘ಇಂಟ್ರೆಪಿಡ್’, ಅಂದರೆ ಎದೆಗಾರ, ಆ ವಾರ ಕಲಿತ ಶಬ್ದ. ಖುಷಿಯ ಗಡಿಬಿಡಿಯಲ್ಲಿ ನಾನು ಕಳಿಸಿದ್ದು, ‘ಯು ಆರ್ ಸೋ ಇನ್ಸಿಪಿಡ್’.

ಎರಡು ನೀಲಿ ಗೆರೆ ಬಂದವು. ಉತ್ತರವಿಲ್ಲ. ಮರುದಿನವೂ ಇಲ್ಲ.

ಆಮೇಲೆ ಅವರ ಅವ್ವ ನಮ್ಮ ಅವ್ವನಿಗೆ ಫೋನ್ ಮಾಡಿದರು. ಹುಡುಗ ಯಾಕೋ ಸರಿಯಾಗಿ ಊಟ ಮಾಡುತ್ತಿಲ್ಲ, ಮದುವೆಯ ಜವಳಿ ತೆಗೆಯುವುದು ಸ್ವಲ್ಪ ಮುಂದೆ ಹೋಗಲಿ ಎಂದರಂತೆ. ಅವ್ವ ಫೋನ್ ಇಟ್ಟು ನನ್ನ ಮುಖ ನೋಡಿದಳು.

ನನಗೇನು ಗೊತ್ತು? ಹೊಗಳಿದ್ದು ಹೆಚ್ಚಾಯಿತೇನೋ, ಹುಡುಗಿ ಬಹಳ ಮುಂದುವರಿದವಳು ಎನಿಸಿತೇನೋ ಎಂದು ಅತ್ತುಬಿಟ್ಟೆ.

ಮರುದಿನ ಮಧ್ಯಾಹ್ನ ಅಂಗಡಿಯಲ್ಲಿ ತಲೆ ಎತ್ತಿದರೆ ಅವರೇ ನಿಂತಿದ್ದಾರೆ. ಕಣಗಲಾದಿಂದ ಬೈಕಿನಲ್ಲಿ ಬಂದಿದ್ದಾರೆ, ತಲೆತುಂಬ ಧೂಳು. ಮಾಲೀಕರು ಎದುರಿಗೇ ಇದ್ದುದರಿಂದ ಗಿರಾಕಿಯಂತೆ ಶರ್ಟ್ ಪೀಸ್ ತೋರಿಸಿ ಎಂದರು.

ಲೆಕ್ಕ ಬಿಟ್ಟು ಎದ್ದು ಬಟ್ಟೆ ಹರಡಿದೆ. ಅವರು ಬಟ್ಟೆ ಮುಟ್ಟಿ ನೋಡುತ್ತ, ಮೆಲ್ಲಗೆ ಕೇಳಿದರು.

"ನಾ ಅಷ್ಟು ಸಪ್ಪಗ ಅದೀನೇನ್ರಿ?"

ನನಗೆ ತಲೆಬುಡ ತಿಳಿಯಲಿಲ್ಲ. ಫೋನ್ ತೆಗೆದು ನನ್ನ ಮೆಸೇಜ್ ತೋರಿಸಿದರು, ಆಮೇಲೆ ಡಿಕ್ಷನರಿ. ಇನ್ಸಿಪಿಡ್: ಸಪ್ಪೆಯಾದ, ರುಚಿಯಿಲ್ಲದ.

ಕೌಂಟರ್ ಕೆಳಗೆ ಹೋಗಿ ಕೂತುಬಿಡೋಣ ಎನಿಸಿತು.

"ಧೈರ್ಯವಂತ ಅಂತ ಬರಿಯಾಕ ಹೋಗಿದ್ನಿರಿ... ಶಬ್ದ ತಪ್ಪೇತಿ."

ಅವರು ನನ್ನನ್ನೇ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, ಫ್ಯಾಕ್ಟರಿಯಲ್ಲಿ ತಾನು ‘ಯೆಸ್ ಸರ್’ ಬಿಟ್ಟು ಬೇರೆ ಇಂಗ್ಲಿಷ್ ಆಡಿದವನೇ ಅಲ್ಲ ಎಂದರು. ನಾನು ಸೀರೆಯ ನಡುವಿನ ಪೇಪರು ತೋರಿಸಿದೆ.

ನನ್ನ ‘ಸ್ಯಾಂಗ್ವಿನ್’ಗೆ ಅವರ ಡಿಕ್ಷನರಿ ‘ರಕ್ತವರ್ಣದ’ ಎಂದಿತ್ತಂತೆ. ಹುಡುಗಿಗೆ ಸಿಟ್ಟು ಬಂದಿದೆಯೋ ಜ್ವರ ಬಂದಿದೆಯೋ ತಿಳಿಯದೆ ಸಂಜೆಯವರೆಗೆ ಕೂತಿದ್ದರಂತೆ. ಅವರ ಫೋನಿನಲ್ಲೂ ಅದೇ ದಿನಕ್ಕೊಂದು ಶಬ್ದದ ಆ್ಯಪ್!

ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಮಾಲೀಕರು ಕನ್ನಡಕದ ಮೇಲಿಂದ ನೋಡಿ, ಎಷ್ಟು ಮೀಟರ್ ಕತ್ತರಿಸಲಿ ಎಂದು ಕೇಳಿದರು. ಪಾಪ, ಇವರು ಬೇಡದ ಬಟ್ಟೆಯೊಂದನ್ನು ಕೊಂಡು ಹೋಗಬೇಕಾಯಿತು.

ಆ ಸಂಜೆ ಅವರ ಮೊದಲ ಫೋನ್ ಬಂತು. ಹಾವಿನ ಕಥೆಯನ್ನು ಮೊದಲಿನಿಂದ ಮತ್ತೆ ಹೇಳಿದರು, ಈ ಸಲ ನಮ್ಮ ಮಾತಿನಲ್ಲಿ.

ಹಾವು ಕಂಡ ಕೂಡಲೇ ಇವರು ಖುರ್ಚಿ ಹತ್ತಿದ್ದು, ಬಾಜೂ ಮನೆಯ ಕಾಕು, ಅಂದರೆ ಚಿಕ್ಕಮ್ಮ, ಇವರ ಕೈಗೆ ಕೋಲು ಕೊಟ್ಟು ಇವರನ್ನೇ ಮುಂದೆ ತಳ್ಳಿದ್ದು, ಹೊಲದಿಂದ ವಾಪಸ್ ಬಂದ ಮೇಲೂ ಕಾಲು ನಡುಗುತ್ತಿದ್ದದ್ದು... ಇದ್ಯಾವುದೂ ಇಂಗ್ಲಿಷಿನ ಕಥೆಯಲ್ಲಿ ಇರಲೇ ಇಲ್ಲ.

ಈಗ ಹುಕ್ಕೇರಿಯಲ್ಲಿ ನಮ್ಮ ಸಂಸಾರ. ಆ ನಡುಗುವ ಕಾಲಿನವರನ್ನೇ ನಾನು ಮದುವೆಯಾದೆ ಅನ್ನಿಸುತ್ತದೆ.

ನಿಮ್ಮವರು ನಿಮಗೆ ಖರೇನ ಪರಿಚಯ ಆದದ್ದು ಯಾವ ಮಾತಿನಿಂದ, ಹೇಳ್ತೀರಾ?