ಕನಸಿನ ಪರೀಕ್ಷೆಯಿಂದ ಎದ್ದು ಬಂದದ್ದು

ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೆ ಸಂಕೋಚವೇನೂ ಇಲ್ಲ. ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಹಳ್ಳಿಯಿಂದ ಮೊದಲ ಬಸ್ಸಿಗೆ ಕೋಲಾರಕ್ಕೆ ಹೋಗಿ, ಸಂಜೆ ನಿಂತುಕೊಂಡೇ ವಾಪಸು ಬಂದು, ಭೌತಶಾಸ್ತ್ರದ ಒಂದು ಪೇಪರಿನಲ್ಲಿ ಎರಡು ಸಲ ಫೇಲಾಗಿ, ಮೂರನೆಯ ಸಲ ಪಾಸಾಗಿ ಬಿ.ಎಸ್‌ಸಿ. ಮುಗಿಸಿದೆ. ಆಮೇಲೆ ಬಿ.ಇಡಿ. ಈಗ ಮುಳಬಾಗಿಲು ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ.

ಇಷ್ಟಾದರೂ ಒಂದು ಕನಸು ವರ್ಷಗಟ್ಟಲೆ ನನ್ನ ಬೆನ್ನು ಬಿಟ್ಟಿರಲಿಲ್ಲ. ಪರೀಕ್ಷೆಯ ಕೊಠಡಿ. ಎಲ್ಲರೂ ತಲೆ ತಗ್ಗಿಸಿ ಬರೆಯುತ್ತಿರುತ್ತಾರೆ. ಬಿಳಿ ಅಂಗಿಯ ಮೇಲ್ವಿಚಾರಕರೊಬ್ಬರು ನನ್ನ ಬೆಂಚಿನ ಹತ್ತಿರ ಬಂದು, ಬೈಯುವುದೂ ಇಲ್ಲ, ಮೆಲ್ಲಗೆ ಹೇಳುತ್ತಾರೆ: "ನೀನು ಪಾಸಾಗಿದ್ದು ತಪ್ಪಿನಿಂದ ಕಣಮ್ಮಾ. ಕೂತ್ಕೊ, ಇನ್ನೊಂದ್ ಸಲ ಬರಿ." ನಾನು ಪ್ರತಿ ಸಲವೂ ಕೂತುಕೊಳ್ಳುತ್ತಿದ್ದೆ. ಇಲ್ಲ ಎನ್ನುವ ಮಾತೇ ಬಾಯಿಗೆ ಬರುತ್ತಿರಲಿಲ್ಲ. ಪ್ರಶ್ನೆಪತ್ರಿಕೆಯ ಒಂದು ಸಾಲೂ ಅರ್ಥವಾಗುತ್ತಿರಲಿಲ್ಲ. ಎದ್ದ ಮೇಲೂ ಅರ್ಧ ದಿನ ಅದೇ ಗುಂಗು. ತರಗತಿಯಲ್ಲಿ ಸೀಮೆಸುಣ್ಣ ಹಿಡಿದು ನಿಂತಾಗ, ಬೇರೆ ಯಾರದೋ ಕುರ್ಚಿಯಲ್ಲಿ ಕೂತಿದ್ದೇನೆ, ಈಗ ಬಂದು ಎಬ್ಬಿಸುತ್ತಾರೆ ಅನ್ನಿಸುತ್ತಿತ್ತು. ಅಷ್ಟು ಕಷ್ಟಪಟ್ಟು ಸಂಪಾದಿಸಿದ್ದನ್ನು ನಿದ್ದೆಯಲ್ಲಿ ಕಿತ್ತುಕೊಂಡು ಹೋಗುತ್ತಿದ್ದರು. ಒಂದೇ ಒಂದು ಸಲ ಆ ಕೊಠಡಿಯಲ್ಲೇ ನಿಂತು, ನಾನು ಪಾಸಾಗಿದ್ದೇನೆ ಎನ್ನಬೇಕು, ಬೇರೇನೂ ಬೇಕಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕ ಕೂರುವ ಗಣಿತದ ಟೀಚರ್ ಮಾಲೂರಿನ ಕಡೆಯವರು. ಅವರ ಹತ್ತಿರ ಒಂದು ದಿನ ಇದನ್ನು ಹೇಳಿಬಿಟ್ಟೆ. ನರಸಾಪುರದ ಕಂಪನಿಯೊಂದರಲ್ಲಿ ಶಿಫ್ಟ್ ಮಾಡುವ ಅವರ ತಮ್ಮ, ಕಂಪನಿ ಬಸ್ಸಿನಲ್ಲಿ ಮೊಬೈಲ್ ನೋಡಿ ನೋಡಿ, ಕನಸಿನೊಳಗೇ ಎಚ್ಚರಾಗುವುದನ್ನು ಕಲಿತಿದ್ದನಂತೆ.

"ದಿನಕ್ಕೆ ಹತ್ತು ಸಲ ನಿಮ್ಮ ಕೈ ನೋಡ್ಕೊಳಿ ಮೇಡಂ. ಇದು ಕನಸಾ, ನಿಜಾನಾ ಅಂತ ಕೇಳ್ಕೊಳಿ. ಆ ಅಭ್ಯಾಸ ಕನಸಲ್ಲೂ ಬಂದ್ಬಿಡುತ್ತಂತೆ. ಅಲ್ಲಿ ಬೆರಳು ಆರು, ಏಳು ಕಾಣುತ್ವಂತೆ, ಆಗ ಇದು ಕನಸು ಅಂತ ಗೊತ್ತಾಗ್ಬಿಡುತ್ತಂತೆ!"

"ನಿಮ್ಮ ತಮ್ಮ ಕನಸಲ್ಲಿ ಎದ್ದು ಏನ್ ಮಾಡ್ತಾರೆ?"

"ಹಾರ್ತಾನಂತೆ. ಬೆಳಗ್ಗೆ ಎಬ್ಬಿಸಿದ್ರೆ ಮಾತ್ರ ಹಾಸಿಗೆಯಿಂದ ಕಾಲೇ ಎತ್ತಲ್ಲ."

ನಾನು ನಗಲಿಲ್ಲ. ಅವತ್ತಿನಿಂದಲೇ ಶುರು ಮಾಡಿದೆ. ಬಸ್ಸಿನಲ್ಲಿ, ಪ್ರಾರ್ಥನೆಯ ಸಾಲಿನಲ್ಲಿ, ಹಾಜರಿ ಕರೆಯುವಾಗ ಕೈ ನೋಡಿಕೊಳ್ಳುತ್ತಿದ್ದೆ. ಮೇಡಂ ಕೈರೇಖೆ ಓದಲು ಕಲಿಯುತ್ತಿದ್ದಾರೆ ಎಂದು ಮಕ್ಕಳು ಮಾತಾಡಿಕೊಂಡರು. ಎದ್ದ ಕೂಡಲೇ ಕನಸನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಎರಡು ತಿಂಗಳಾದರೂ ಏನೂ ಆಗಲಿಲ್ಲ. ಪರೀಕ್ಷೆಯ ಕನಸು ಮಾತ್ರ ಎರಡು ಸಲ ಬಂತು; ಎರಡು ಸಲವೂ ಕೈ ನೋಡಿಕೊಳ್ಳುವುದು ನೆನಪಾಗದೆ ಕೂತು ಬರೆದೆ.

ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಹುಳು ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ಮಲಗಿ ಪೊರೆ ಬಿಡುತ್ತದೆ. ಅದಕ್ಕೆ ಜ್ವರ ಎನ್ನುತ್ತೇವೆ. ನಾಲ್ಕನೆಯ ಜ್ವರದಿಂದ ಎದ್ದ ಹುಳುವಿನ ಹಸಿವು ತಡೆಯಲು ಆಗುವುದಿಲ್ಲ. ಆಗ ಬೆಳಗಿನ ಜಾವದ ಮೇವು ನನ್ನ ಪಾಲಿನ ಕೆಲಸ. ಎದ್ದು, ಹಿಂದಿನ ಸಂಜೆ ಒದ್ದೆ ಗೋಣಿ ಹೊದಿಸಿಟ್ಟ ಹಿಪ್ಪುನೇರಳೆ ಸೊಪ್ಪಿನ ಕಡ್ಡಿಗಳನ್ನು ಹುಳುಗಳಿರುವ ತಟ್ಟುಗಳಿಗೆ ಹರಡಿ, ಮತ್ತೆ ಒಂದೂವರೆ ಗಂಟೆ ಮಲಗುತ್ತಿದ್ದೆ. ಕನಸು ಜೋರಾಗಿ ಬರುವುದು ಆ ಎರಡನೆಯ ನಿದ್ದೆಯಲ್ಲೇ. ಅದಕ್ಕೆಂದೇ ಅಲಾರಂ ಇಟ್ಟು ಎದ್ದು, ಮತ್ತೆ ಮಲಗಬೇಕೆಂದು ಗಣಿತದ ಟೀಚರ್ ಅವರ ತಮ್ಮ ಹೇಳಿಕಳಿಸಿದ್ದ. ನಮ್ಮನ್ನು ಹುಳುಗಳೇ ಎಬ್ಬಿಸುತ್ತಿದ್ದವು.

ಒಂದು ದಿನ ಹಾಗೇ ಎದ್ದೆ. ಹುಳು ಮನೆಯ ಬಾಗಿಲು ತೆಗೆದೆ, ಸೊಪ್ಪು ಹರಡಿದೆ, ಹುಳುಗಳು ಸಣ್ಣ ಮಳೆಯ ಹಾಗೆ ಸದ್ದು ಮಾಡಿ ತಿನ್ನುವುದನ್ನು ನಿಂತು ಕೇಳಿದೆ, ಬಂದು ಮಲಗಿದೆ. ಬೆಳಕು ಹರಿದ ಮೇಲೆ ಅಮ್ಮನ ಕೂಗು. ಅಮ್ಮನಿಗೆ ಸಿಟ್ಟು ಬಂದರೆ ತೆಲುಗೇ ಮೊದಲು ಬರುತ್ತದೆ.

"ಏಮೇ, ಆಕು ಏಸ್ತಿವಾ?"

ಸೊಪ್ಪು ಹಾಕಿದೆಯಾ ಎಂದು. ಹಾಕಿದೆನಲ್ಲ ಎನ್ನುತ್ತಾ ಓಡಿದೆ. ತಟ್ಟುಗಳ ಮೇಲೆ ಒಂದು ಹಸಿರು ಎಲೆಯೂ ಇರಲಿಲ್ಲ. ಹುಳುಗಳು ಬರೀ ಕಡ್ಡಿಗಳ ಮೇಲೆ ಹರಿದಾಡುತ್ತಾ ಅಂಚಿನವರೆಗೆ ಬಂದು ತಲೆ ಎತ್ತಿ ಹುಡುಕುತ್ತಿದ್ದವು. ಗೋಣಿಯ ಕೆಳಗೆ ಸೊಪ್ಪು ಇಟ್ಟ ಹಾಗೇ ಇತ್ತು.

"ಹಾಕ್ದಂಗೆ ಕನಸು ಬಿತ್ತು ಅನ್ಸುತ್ತಮ್ಮಾ."

"ಓಹೋ! ಹಂಗಾದ್ರೆ ಹುಳಾನೂ ಕನಸಲ್ಲೇ ಗೂಡು ಕಟ್ಕೊಳ್ಳಿ ಬಿಡು. ನಾವೂ ಕನಸಲ್ಲೇ ಬಿಡಿಸ್ಕೊಳ್ಳಾನ."

ಇಬ್ಬರೂ ಸೇರಿ ಗಬಗಬನೆ ಸೊಪ್ಪು ಹಾಕಿದೆವು. ಸದ್ದು ಶುರುವಾಯಿತು. ನಾನು ಬೆಪ್ಪಾಗಿ ನಿಂತೆ. ನಿದ್ದೆಯಲ್ಲಿ ಕೇಳಿದ್ದೂ ಇದೇ ಸದ್ದು, ಒಂದು ಚೂರೂ ವ್ಯತ್ಯಾಸವಿಲ್ಲ. ಅಷ್ಟು ಸಾವಿರ ಹುಳುಗಳ ಬಾಯಿಯ ಸದ್ದನ್ನು ನನ್ನ ತಲೆ ಒಂಟಿಯಾಗಿ ಮಾಡಿತ್ತು. ಹಸಿದ ಹುಳುಗಳನ್ನು ನೆನೆದು ನಾಚಿಕೆಯಾಯಿತು. ಆ ನಾಚಿಕೆಯ ಒಳಗೇ ಮೈ ಜುಮ್ಮೆಂದಿತು.

ಅಮ್ಮ ಇನ್ನೂ ಗೊಣಗುತ್ತಿದ್ದಳು: "ಕನಸಲ್ಲಿ ಹೋದಾಗ ಬಾಗ್ಲಲ್ಲಿ ಬ್ಲೀಚಿಂಗ್ ನೀರು ತುಳಿದ್ಯಲ್ಲ, ವಾಸನೆನೂ ಬರ್ಲಿಲ್ವಾ ನಿಂಗೆ?"

ಹುಳುಗಳಿಗೆ ರೋಗ ತಗಲಬಾರದೆಂದು ಹುಳು ಮನೆಯ ಹೊಸ್ತಿಲಲ್ಲಿ ತಗ್ಗು ಮಾಡಿ, ಬ್ಲೀಚಿಂಗ್ ಪುಡಿ ಕದಡಿದ ನೀರು ನಿಲ್ಲಿಸಿರುತ್ತೇವೆ. ಯಾರೇ ಆಗಲಿ, ಕಾಲು ಅದ್ದಿಯೇ ಒಳಗೆ ಬರಬೇಕು. ಮೂಗಿಗೆ ಚುಚ್ಚುವ ವಾಸನೆ. ನೆನಪು ಮಾಡಿಕೊಂಡೆ. ಇಲ್ಲ, ಬಂದಿರಲಿಲ್ಲ. ಎಲ್ಲವನ್ನೂ ಕಟ್ಟಿದ ನನ್ನ ಕನಸು ವಾಸನೆಯೊಂದನ್ನು ಮರೆತಿತ್ತು.

ಅಮ್ಮ ಬೈದ ಆ ಮಾತೇ ನನಗೆ ದಾರಿ ತೋರಿಸಿತು. ಕೈ ನೋಡುವುದನ್ನು ಬಿಟ್ಟೆ. ಹುಳು ಮನೆಯ ನೀರಿಗೆ ಕಾಲಿಡುವಾಗಲೆಲ್ಲ ನಿಂತು, ಮೂಗಿನ ತುಂಬ ಉಸಿರೆಳೆದುಕೊಂಡು, ವಾಸನೆ ಇದೆಯಾ ಎಂದು ಕೇಳಿಕೊಳ್ಳುತ್ತಿದ್ದೆ. "ಇವಳೊಬ್ಬಳು, ಮಲ್ಲಿಗೆ ಮೂಸ್ದಂಗೆ ಮೂಸ್ತಾಳೆ" ಎಂದಳು ಅಮ್ಮ. ಹುಳುವಿನ ಆ ಬೆಳೆ ಮುಗಿದು ಮುಂದಿನ ಬೆಳೆ ಬಂತು. ಶಾಲೆಯ ಬಾಗಿಲಲ್ಲೂ, ಬಸ್ಸಿನ ಮೆಟ್ಟಿಲಲ್ಲೂ ಮೂಗು ತಾನಾಗಿ ಎಳೆದುಕೊಳ್ಳುವಷ್ಟು ಅಭ್ಯಾಸವಾಯಿತು.

ಒಂದು ಭಾನುವಾರ, ಮೇವು ಹಾಕಿ ಬಂದು ಮಲಗಿದಾಗ, ಪರೀಕ್ಷೆಯ ಕನಸು ಬಂತು. ಕಾಲೇಜಿನ ಉದ್ದನೆಯ ಕಾರಿಡಾರು. ತಡವಾಗಿದೆ ಎಂಬ ಅದೇ ಗಾಬರಿ. ಕೊಠಡಿಯ ಹೊಸ್ತಿಲಲ್ಲಿ ತಗ್ಗು, ತಗ್ಗಿನ ತುಂಬ ನೀರು. ಕಾಲೇಜಿನಲ್ಲಿ ಅದೇಕೆ ಇದೆ ಎಂದು ನನಗೆ ಆಶ್ಚರ್ಯವೇ ಆಗಲಿಲ್ಲ. ಕಾಲಿಟ್ಟೆ. ಉಸಿರೆಳೆದೆ.

ವಾಸನೆ ಇರಲಿಲ್ಲ.

ಆ ಗಳಿಗೆಯನ್ನು ಹೇಗೆ ಬರೆಯಬೇಕೋ ತಿಳಿಯದು. ಯಾರೋ ಒಳಗಿನಿಂದ ದೀಪದ ಬತ್ತಿ ಎತ್ತಿದಂತೆ ಎಲ್ಲವೂ ಒಮ್ಮೆಲೇ ಸ್ಪಷ್ಟವಾಯಿತು. ಇದು ಕನಸು, ನಾನು ನಮ್ಮ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದೇನೆ ಎಂದು ಗೊತ್ತಿತ್ತು. ಗೊತ್ತಿದ್ದೂ ಕೊಠಡಿ ಎದುರಿಗೇ ಇತ್ತು. ಬೆಂಚಿನ ಮೇಲೆ ಯಾರೋ ಕೊರೆದ ಅಕ್ಷರಗಳಿದ್ದವು. ಬೆರಳಾಡಿಸಿದೆ; ಗೀರಿನ ಆಳ ಬೆರಳಿಗೆ ಸಿಕ್ಕಿತು. ಕಿಟಕಿಯಿಂದ ಬಿದ್ದ ಬಿಸಿಲಿನಲ್ಲಿ ಧೂಳಿನ ಕಣಗಳು ಒಂದೊಂದೂ ತನ್ನದೇ ದಾರಿ ಹಿಡಿದು ತೇಲುತ್ತಿದ್ದವು. ಮುಂದಿನ ಸಾಲಿನ ಹುಡುಗಿಯ ಜಡೆಯಿಂದ ಒಂದು ಎಳೆ ಬಿಟ್ಟುಕೊಂಡಿತ್ತು. ಅವಳನ್ನು ನಾನು ಎಂದೂ ಕಂಡಿರಲಿಲ್ಲ. ಇದನ್ನೆಲ್ಲ ಯಾರು ಮಾಡುತ್ತಿದ್ದಾರೆ? ಬೆಳಕು ಹೇಗೆ ಚದರುತ್ತದೆ ಎಂದು ಬರೆಯಲಾಗದೆ ಎರಡು ಸಲ ಫೇಲಾದವಳು, ಬೆಳಕನ್ನೇ ಮಾಡಿ ಚೆಲ್ಲಿದ್ದೆ. ದೇವಸ್ಥಾನದಲ್ಲಿ ಕೂಡ ನನಗೆ ಅಂಥ ಭಯಭಕ್ತಿ ಬಂದದ್ದಿಲ್ಲ.

ಬಿಳಿ ಅಂಗಿಯವರು ಬಂದರು. "ನೀನು ಪಾಸಾಗಿದ್ದು ತಪ್ಪಿನಿಂದ ಕಣಮ್ಮಾ. ಕೂತ್ಕೊ."

"ಇಲ್ಲ ಸಾರ್. ನಾನು ಪಾಸಾಗಿದ್ದೀನಿ."

ಜೋರಾಗಿ ಹೇಳಬೇಕೆಂದು ವರ್ಷಗಟ್ಟಲೆ ಕಾದಿದ್ದೆ. ಮೆಲ್ಲಗೇ ಹೇಳಿದೆ. ಹತ್ತಿರದಿಂದ ಅವರ ಮುಖ ನೋಡಿದೆ. ದಣಿದ ಮುಖ, ಗಲ್ಲದ ಮೇಲೆ ಎರಡು ದಿನದ ಗಡ್ಡ. ಪಾಪ, ನಾನು ಕೊಟ್ಟದ್ದನ್ನು ಬಿಟ್ಟು ಅವರ ಬಾಯಲ್ಲಿ ಬೇರೆ ಮಾತಿರಲಿಲ್ಲ. ಪ್ರಶ್ನೆಪತ್ರಿಕೆಯನ್ನು ಅವರ ಕೈಗಿಟ್ಟು, ಬೆಂಚುಗಳ ನಡುವೆ ನಡೆದು, ಗಂಟೆ ಬಾರಿಸುವ ಮೊದಲೇ ಹೊರಗೆ ಬಂದೆ. ಹೊರಗೆ ನಮ್ಮ ಕಡೆಯ ಬಂಡೆಗುಡ್ಡಗಳೇ ಇದ್ದವು, ಆದರೆ ಆಕಾಶದ ಅರ್ಧಕ್ಕೆ ಬೆಳೆದು ನಿಂತಿದ್ದವು. ಒಂದು ಬಂಡೆಗೆ ಅಂಗೈ ಒತ್ತಿದೆ. ಬೆಚ್ಚಗಿತ್ತು. ಆ ಬಿಸಿ ಕೈಯಲ್ಲಿರುವಾಗಲೇ ಎಚ್ಚರವಾಯಿತು.

ಅಮ್ಮ ಒಲೆಯ ಮುಂದಿದ್ದಳು. ಮುಖ ಕೂಡ ತೊಳೆಯದೆ ಹೋಗಿ ಎಲ್ಲ ಹೇಳಿದೆ. ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ನಾನು ಫೇಲಾದ ಎರಡೂ ಸಲ ಊಟ ಬಿಟ್ಟವಳು.

"ಪೇಪರ್ ಬರೀದೇ ಎದ್ದು ಬಂದ್ಬಿಟ್ಯಾ?"

"ಹೂಂ."

"ಫೇಲ್ ಮಾಡ್ಬಿಡ್ತಾರಲ್ಲೇ ಅಮ್ಮಾಯಿ!"

"ಯಾರಮ್ಮಾ ಫೇಲ್ ಮಾಡೋರು? ಅಲ್ಲಿದ್ದ ಮೇಷ್ಟ್ರೂ ನಾನೇ, ಬರೆಯೋ ಹುಡುಗರೂ ನಾನೇ. ಬೆಂಚು, ಕಿಟಕಿ, ಆ ಗುಡ್ಡ, ಎಲ್ಲಾ ನಾನೇ ಮಾಡ್ಕೊಂಡಿದ್ದು."

ಅಮ್ಮ ಊದುಗೊಳವೆ ಕೆಳಗಿಟ್ಟು ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಕಲ್ಲಂಗಡಿ ತಿರುಗಿಸಿ ನೋಡುವ ಹಾಗೆ ಆ ಕಡೆ ಈ ಕಡೆ ತಿರುಗಿಸಿ ನೋಡಿದಳು.

"ಇಷ್ಟರೊಳಗೆ? ಗುಡ್ಡಾನೂ ಹಿಡಿಸ್ತಾ?"

"ಹಿಡಿಸ್ತಮ್ಮಾ."

"ಹೆಂಗೇ?"

ಬಿ.ಎಸ್‌ಸಿ. ಓದಿದವಳು, ದಿನಾ ಮಕ್ಕಳಿಗೆ ಮೆದುಳಿನ ಚಿತ್ರ ಬರೆದು ಭಾಗಗಳನ್ನು ಗುರುತಿಸುವವಳು. ಗೊತ್ತಿಲ್ಲ ಎಂದೆ. ಹಾಗೆನ್ನುವಾಗ ಒಂದಿಷ್ಟೂ ಅಳುಕಾಗಲಿಲ್ಲ.