ಟೈಪಿಸ್ಟಕ್ಕ ಹೊಲಿದ ಕವರು

ಗುಂಡ್ಲುಪೇಟೆಯ ನಮ್ಮ ಕಚೇರಿಯಲ್ಲಿ ಅವರನ್ನು ಎಲ್ಲರೂ ಟೈಪಿಸ್ಟಕ್ಕ ಎನ್ನುತ್ತಿದ್ದರು. ತೆರಕಣಾಂಬಿಯಿಂದ ಬಸ್ಸಿನಲ್ಲಿ ಬರುವರು. ಬಂದವರೇ ಸೆರಗಿನ ತುದಿಯಿಂದ ಟೈಪ್‌ರೈಟರನ್ನು ಒರೆಸುವರು. ಹೆದ್ದಾರಿಯ ಲಾರಿಗಳು ಎಬ್ಬಿಸುವ ಧೂಳಿನ ಮೇಲೆ ಅವರಿಗೆ ತೀರದ ಸಿಟ್ಟು. ಸಂಜೆ ನಾವು ಟೈಪ್‌ರೈಟರ್ ಬಿಟ್ಟು ಎದ್ದರೆ ಅವರದು ಒಂದೇ ಮಾತು: "ಕವರ್ ಹಾಕ್ದೇನಮ್ಮಿ?"

ತೊಂಬತ್ತರ ದಶಕದ ಕೊನೆಗೆ, ಹೊಸದಾಗಿ ಸೇರುವ ಇಬ್ಬರು ಹುಡುಗಿಯರಿಗೆಂದು ಮೊದಲ ಕಂಪ್ಯೂಟರ್ ಬಂತು. ಅದನ್ನು ಅಣಿಮಾಡುವ ಕೆಲಸ ಟೈಪಿಸ್ಟಕ್ಕನದೇ ಆಯಿತು. ಮನೆಯ ದಪ್ಪ ಜಮಖಾನ ಕತ್ತರಿಸಿ ಕವರು ಹೊಲಿದರು, ಅಂಚಿಗೆ ಕೆಂಪು ದಾರದಲ್ಲಿ ಹೂ ಹಾಕಿದರು. ಹುಡುಗಿಯರು ಬರುವ ದಿನ ಬೆಳಗ್ಗೆಯೇ ಚಪ್ಪಲಿ ಹೊರಗೆ ಬಿಟ್ಟು ಕಂಪ್ಯೂಟರ್ ಕೋಣೆಗೆ ಹೋಗಿ ಸ್ವಿಚ್ಚು ಹಾಕಿದರು. ಪರದೆ ಬೆಳಗಿದ ಮೇಲೆ ಕವರನ್ನು ಪೂರ್ತಿ ಹೊದಿಸಿದರು.

"ಬಂದೋರು ಕಾಯ್ಬಾರ್ದು, ಧೂಳೂ ಕೂತ್ಕಬಾರ್ದು ಕಣಮ್ಮಿ," ಎಂದರು. ನನಗೂ ಅದು ಸರಿಯೆನಿಸಿತು.

ಮಧ್ಯಾಹ್ನ ಮ್ಯಾನೇಜರು ಹೊಸಬರನ್ನು ಎದುರಿಗೆ ನಿಲ್ಲಿಸಿಕೊಂಡು ಕವರೆತ್ತಿದಾಗ ಸುಟ್ಟ ವಾಸನೆ ಹೊಡೆಯಿತು. ಪರದೆ ಕಪ್ಪಾಗಿತ್ತು.

"ಇದಕ್ಕೆ ಕಂಬಳಿ ಹೊದ್ಸಿದ್ಯಾರು? ಚಳಿ ಆಗಿತ್ತಾ?" ಎಂದರು ಮ್ಯಾನೇಜರು. ಹುಡುಗಿಯರಲ್ಲೊಬ್ಬಳು ಕಿಸಕ್ಕನೆ ನಕ್ಕಳು. ನಾವೆಲ್ಲ ನೆಲ ನೋಡಿದೆವು.

"ನಾನೇ ಸಾ, ಮಾಡ್ಬುಟ್ಟೆ," ಎಂದರು ಟೈಪಿಸ್ಟಕ್ಕ. ಹೂವಿನ ಅಂಚು ಒಳಗೆ ಸೇರುವಂತೆ ಕವರನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು.

ಕಂಪ್ಯೂಟರ್ ರಿಪೇರಿಯಾಗಿ, ಹೊಸ ಪ್ಲಾಸ್ಟಿಕ್ ಕವರಿನ ಸಮೇತ ಬಂದ ಮೇಲೂ ಅವರು ಆ ಕೋಣೆಯ ಹೊಸ್ತಿಲು ದಾಟಲಿಲ್ಲ. ಬೆಳಗ್ಗೆ ಬಾಗಿಲಲ್ಲೇ ನಿಂತು, ಅಂದು ನಕ್ಕಿದ್ದ, ತಮ್ಮ ಮಗಳ ವಯಸ್ಸಿನ ಹುಡುಗಿಯನ್ನು ಕೇಳುವರು: "ಕವರ್ ತಗುದ್ರಾ, ಮೇಡಮ್ಮೋರೆ?"