ಮೂರು ನಿಮಿಷಕ್ಕೆ ಮೂರೇ ನಿಮಿಷ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಪುರಭವನದ ಒಂದು ಬಾಗಿಲು ಮಾತ್ರ ತೆರೆದಿದೆ. ಒಳಗೆ ಅರವತ್ತರ ಹತ್ತಿರದ ಮನುಷ್ಯರೊಬ್ಬರು ಮಂಡಿಯೂರಿ ಕೂತು, ನೆಲದ ಮೇಲೆ ಎಳೆದ ವೈರುಗಳಿಗೆ ಟೇಪು ಅಂಟಿಸುತ್ತಾ ಬರುತ್ತಿದ್ದಾರೆ. "ಯಾರಾದ್ರೂ ಎಡವಿ ಬಿದ್ರೆ ಸಭೆ ಅಲ್ಲಿಗೇ ಮುಗೀತು ನೋಡಿ. ಬಿದ್ದೋನ ಕಡೆಯೋರು ಆ ಕಡೆಯೋರನ್ನ ಸುಮ್ನೆ ಬಿಡ್ತಾರಾ?" ಎಂದು ನಗುತ್ತಾರೆ. ಆಮೇಲೆ ಎದ್ದು, ಸೊಂಟ ಹಿಡಿದುಕೊಂಡು ವೇದಿಕೆ ಹತ್ತಿ, ಮೈಕನ್ನು ಬೆರಳಿನಿಂದ ತಟ್ಟುತ್ತಾರೆ. "ಹಲೋ... ಹಲೋ..." ಈ ಒಂದೇ ಮಾತಿನಿಂದ ಊರು ಇವರಿಗೆ ಹಲೋ ಮಾವ ಎಂದು ಹೆಸರಿಟ್ಟಿದೆ.

ಸೋದರಮಾವನ ಮೈಕ್ ಸೆಟ್ ಅಂಗಡಿಯಲ್ಲಿ ಬ್ಯಾಟರಿ ಹೊರುತ್ತಾ ಶುರುವಾದ ಕೆಲಸ ಇದು. ಮೂವತ್ತೈದು ವರ್ಷ ಸ್ಪೀಕರ್ ಬಾಕ್ಸಿನ ಪಕ್ಕ ನಿಂತು ನಿಂತು ಎಡಗಿವಿ ಅರ್ಧ ಹೋಗಿದೆ. ವರ್ಷಕ್ಕೆ ನೂರಾರು ಸಭೆ. ಬೆಳಿಗ್ಗೆ ಆಳುವ ಪಕ್ಷದವರದು, ಸಂಜೆ ವಿರೋಧ ಪಕ್ಷದವರದು, ಮೈಕು ಮಾತ್ರ ಅದೇ. "ಬೆಳಿಗ್ಗೆ ಇವರು ಅವರನ್ನ ಕಳ್ಳರು ಅಂತಾರೆ, ಸಾಯಂಕಾಲ ಅವರು ಇವರನ್ನ ಅಂತಾರೆ. ನಾನು ಇಬ್ಬರಿಗೂ ಒಂದೇ ವಾಲ್ಯೂಮ್ ಇಡ್ತೀನಿ" ಎನ್ನುತ್ತಾರೆ.

ಪುರಸಭೆಯ ಅಹವಾಲು ಸಭೆಗಳಲ್ಲಿ ಇವರಿಗೆ ಇನ್ನೊಂದು ಕೆಲಸವೂ ಇದೆ. ಮಾತಾಡುವವರಿಗೆ ತಲಾ ಮೂರು ನಿಮಿಷ. ಕೊನೆಯ ಅರ್ಧ ನಿಮಿಷಕ್ಕೆ ಕೆಂಪು ಬಲ್ಬು ಹತ್ತುತ್ತದೆ, ಮುಗಿದ ತಕ್ಷಣ ಮೈಕ್ ಬಂದ್. ಮೊದಲು ಈ ಸ್ವಿಚ್ಚನ್ನು ಪುರಸಭೆಯ ನೌಕರರು ಹಿಡಿಯುತ್ತಿದ್ದರು. ಯಾರು ಹಿಡಿದರೂ ಒಂದು ಕಡೆಯವರಿಗೆ ಅನುಮಾನ. ಕೊನೆಗೆ ಎಲ್ಲರೂ ಒಪ್ಪಿದ್ದು ಈ ಮನುಷ್ಯನನ್ನು. ಒಮ್ಮೆ ಅಧ್ಯಕ್ಷರ ಮಾತನ್ನೇ ಅರ್ಧಕ್ಕೆ ನಿಲ್ಲಿಸಿದವರು ಇವರು. "ಒಂದು ವಾರ ನನ್ನ ಮುಖ ನೋಡ್ಲಿಲ್ಲ ಪುಣ್ಯಾತ್ಮ" ಎಂದು ಹೇಳುವಾಗ ಕಣ್ಣಲ್ಲಿ ಸ್ವಲ್ಪ ತುಂಟತನ.

ಈ ಸಲದ ಜಗಳ ಮಾತ್ರ ಬೇರೆ ಥರದ್ದು. ಶಾಲೆ ಇರುವ ಬೀದಿಯಲ್ಲಿ ಪುರಸಭೆಯ ಹಳೇ ಕಟ್ಟಡವೊಂದರಲ್ಲಿ ಕುಡಿತ ಬಿಡಿಸುವ ಕೇಂದ್ರ ನಡೆಯುತ್ತಿದೆ. ಅದು ಇರಬೇಕೋ, ಹೋಗಬೇಕೋ? ತಾವಾಗಿ ಕುಡಿದು ಕೆಟ್ಟವರನ್ನು ಮಕ್ಕಳ ಕಣ್ಣೆದುರಿಗೆ, ಊರಿನ ದುಡ್ಡಿನಲ್ಲಿ ಯಾಕೆ ಸಾಕಬೇಕು ಎಂದು ಒಂದು ಗುಂಪು ಕೇಳುತ್ತದೆ. ಬಿದ್ದವರನ್ನು ಎತ್ತದ ಊರು ಊರೇ ಅಲ್ಲ ಎಂದು ಇನ್ನೊಂದು ಗುಂಪು. ಚರಂಡಿ ಎಲ್ಲಿ ತೋಡಬೇಕು ಎಂಬ ಜಗಳದಲ್ಲಿ ಎದುರಿನವನು ದಡ್ಡನಾಗಿ ಕಾಣುತ್ತಾನೆ, ಅಷ್ಟೇ. ಇಲ್ಲಿ ಕೆಟ್ಟವನಾಗಿಯೇ ಕಾಣುತ್ತಾನೆ. ಚುನಾವಣೆ ಬೇರೆ ಹತ್ತಿರ ಬಂತಲ್ಲ, ಪಕ್ಷಗಳೂ ಒಂದೊಂದು ಗುಂಪನ್ನು ಬಗಲಿಗೆ ಹಾಕಿಕೊಂಡಿವೆ. ಅಕ್ಕಪಕ್ಕದ ಮನೆಯವರು ಮಾತು ಬಿಟ್ಟಿದ್ದಾರೆ.

ಕೇಂದ್ರ ಬೇಡ ಎನ್ನುವವರ ಮುಂದಾಳು ನಿವೃತ್ತ ಹೆಡ್ ಮೇಷ್ಟ್ರು. ಕೆಟ್ಟ ಮನುಷ್ಯರೇನಲ್ಲ. ಕೇಂದ್ರಕ್ಕೆ ಸೇರಲು ಬಂದವನೊಬ್ಬ ಕುಡಿದ ಅಮಲಿನಲ್ಲಿ ಶಾಲೆಯ ಗೇಟಿನ ಮುಂದೆ ರಂಪ ಮಾಡಿದ. ಒಂದನೇ ತರಗತಿಯ ಹುಡುಗಿಯೊಬ್ಬಳು ಹೆದರಿ ಶಾಲೆಗೆ ಬರುವುದನ್ನೇ ನಿಲ್ಲಿಸಿದ್ದಾಳೆ. "ಆ ಮಗೂಗೆ ಯಾರು ಉತ್ತರ ಕೊಡ್ತಾರೆ?" ಎಂಬ ಮೇಷ್ಟ್ರ ಪ್ರಶ್ನೆಗೆ ಈವರೆಗೆ ಯಾರೂ ಸರಿಯಾದ ಉತ್ತರ ಕೊಟ್ಟಿಲ್ಲ.

ಆ ಕೇಂದ್ರದಲ್ಲೇ ಹಲೋ ಮಾವನ ಒಬ್ಬನೇ ಮಗ ಇದ್ದಾನೆ. ವೈರಿಂಗ್ ಕೆಲಸದಲ್ಲಿ ಅಪ್ಪನನ್ನೇ ಮೀರಿಸಿದವನು, ಕುಡಿತಕ್ಕೆ ಬಿದ್ದು ಕೆಲಸ ಕಳೆದುಕೊಂಡ. ಈಗ ಐದು ತಿಂಗಳಿಂದ ಮುಟ್ಟಿಲ್ಲ. ಕೇಂದ್ರ ಮುಚ್ಚಿದರೆ ಇಂಥ ಇನ್ನೊಂದು ಕಡೆ ಸದ್ಯಕ್ಕೆ ಜಾಗವಿಲ್ಲ. "ಈಗ ಹೊರಗೆ ಬಂದ್ರೆ ಮತ್ತೆ ಅದೇ ಬೀದಿ, ಅದೇ ಗೆಳೆಯರು. ನನಗೆ ಭಯ ಆಗುತ್ತೆ ರೀ" ಎಂದು ಹಲೋ ಮಾವ ನೇರವಾಗಿಯೇ ಹೇಳುತ್ತಾರೆ.

ಹಿಂದಿನ ಸಭೆಯಲ್ಲಿ ಇವರ ಹೆಂಡತಿ ಮಾತಾಡಲು ಎದ್ದರು. ಬಟ್ಟೆ ಹೊಲಿಯುವ ಹೆಂಗಸು, ಗಂಡನ ಮೈಕನ್ನು ಒಂದು ದಿನವೂ ಬಾಯಿ ಹತ್ತಿರ ಹಿಡಿದವರಲ್ಲ. ಗಂಟಲು ಕಟ್ಟಿ ಅರ್ಧ ಸಮಯ ಹಾಗೇ ಹೋಯಿತು. ತಡವರಿಸುತ್ತಾ ನಾಲ್ಕು ಮಾತಾಡುವಷ್ಟರಲ್ಲಿ ಕೆಂಪು ಬಲ್ಬು ಹತ್ತಿತು. ಆಕೆ "ನನ್ನ ಮಗ..." ಎಂದರು, ಅಷ್ಟಕ್ಕೆ ಮೈಕ್ ಬಂದ್. ಒತ್ತಿದ್ದು ಗಂಡನೇ. ಆಕೆ ಗಂಡನನ್ನೊಮ್ಮೆ ನೋಡಿ ಕೆಳಗಿಳಿದರು.

ಅಲ್ಲಿಂದ ಹಲೋ ಮಾವನಿಗೆ ಅತ್ತ ದರಿ, ಇತ್ತ ಪುಲಿ. ಕೇಂದ್ರ ಬೇಕು ಎನ್ನುವವರು ಕಲ್ಲು ಮನಸ್ಸಿನವ ಎಂದರು. ಬೇಡ ಎನ್ನುವವರು ಇದೆಲ್ಲ ನಾಟಕ, ಇವನನ್ನು ತೆಗೆಯಿರಿ ಎಂದರು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇದು ಉಂಡು, ಮಲಗಿ, ಎದ್ದರೂ ಮುಗಿಯಲಿಲ್ಲ. ಪತ್ರಿಕೆಗೆ ಬರೆಯಲೆಂದು ಮನೆಗೆ ಹೋದ ನನ್ನೆದುರಿಗೇ ಆಕೆ ಕೇಳುತ್ತಾರೆ, "ಇನ್ನೊಂದು ನಿಮಿಷ ಕೊಟ್ಟಿದ್ರೆ ಊರು ಮುಳುಗಿ ಹೋಗ್ತಿತ್ತಾ?"

"ಮುಳುಗ್ತಿರ್ಲಿಲ್ಲ ಕಣೇ. ನಾಳೆ ಮೇಷ್ಟ್ರ ಕಡೆಯೋರು ಇನ್ನೊಂದು ನಿಮಿಷ ಕೇಳಿದ್ರೆ ಯಾವ ಮುಖ ಇಟ್ಕೊಂಡು ಇಲ್ಲ ಅನ್ನಲಿ?"

"ಊರೋರಿಗೆ ತೋರ್ಸೋಕೆ ಒಂದು ಮುಖ ಇದೆಯಲ್ಲ, ನನಗೆ ತೋರ್ಸೋಕೆ ಯಾವುದಿದೆ?"

ಹಲೋ ಮಾವ ಎದ್ದು ಚಪ್ಪಲಿ ಮೆಟ್ಟುತ್ತಾರೆ. ಆಮೇಲೆ ಹೊರಗೆ ಬಂದು ನನಗೆ ಹೇಳುತ್ತಾರೆ, "ಬೆರಳು ಒತ್ತಿದ್ದು ನಿಜ, ಸಂಕಟ ಆಗಿದ್ದೂ ನಿಜ. ಆದ್ರೆ ತಲೆ ಮೇಲೆ ತಲೆ ಬಿದ್ರೂ ಸ್ವಿಚ್ ವಿಷಯದಲ್ಲಿ ಮೋಸ ಮಾಡಲ್ಲ. ನಮ್ಮ ಕಡೆ ನ್ಯಾಯ ಇದೆ ಅಂದ್ಕೊಂಡೋರು ತಾನೇ ಎಲ್ಲರೂ?"

ಇವತ್ತು ಕೊನೆಯ ಅಹವಾಲು ಸಭೆ. ಇದಾದ ಮೇಲೆ ಪುರಸಭೆಯಲ್ಲಿ ಮತಕ್ಕೆ ಹಾಕುತ್ತಾರೆ. ಮೂವತ್ತೈದು ವರ್ಷದಲ್ಲಿ ಮೊದಲ ಬಾರಿಗೆ ಹಲೋ ಮಾವ ತಾವೂ ಮಾತಾಡುವುದಾಗಿ ಹೇಳಿದ್ದಾರೆ. ಹಾಗಾದರೆ ಆ ಹೊತ್ತಿಗೆ ಸ್ವಿಚ್ಚು ಯಾರ ಕೈಗೆ? ಅಧ್ಯಕ್ಷರು ಗುಮಾಸ್ತರೊಬ್ಬರನ್ನು ಸೂಚಿಸಿದರು. ಇವರು ಒಪ್ಪಲಿಲ್ಲ. "ಮೇಷ್ಟ್ರು ಹಿಡೀಲಿ" ಎಂದರು.

ಹೀಗಾಗಿ ಮೇಷ್ಟ್ರು ಈ ಬೆಳಿಗ್ಗೆ ಕನ್ನಡಕ ಒರೆಸಿಕೊಳ್ಳುತ್ತಾ ಪುರಭವನಕ್ಕೆ ಬಂದಿದ್ದಾರೆ, ಸ್ವಿಚ್ಚು ಕಲಿಯಲು. ಎರಡು ಸಲ ಒತ್ತಿ ನೋಡುತ್ತಾರೆ.

"ಅಲ್ಲಯ್ಯಾ, ನಾನು ಮುಚ್ಚಿಸ್ಬೇಕು ಅಂತ ಓಡಾಡ್ತಿರೋನು. ನನ್ನ ಕೈಗೆ ಕೊಡ್ತೀಯಲ್ಲ?"

"ಕೇಂದ್ರ ಮುಚ್ಚಿಸ್ಬೇಕು ಅಂತ ತಾನೇ ಮೇಷ್ಟ್ರೇ? ನನ್ನ ಬಾಯಲ್ಲವಲ್ಲ."

ಮೇಷ್ಟ್ರು ಇನ್ನೊಮ್ಮೆ ಸ್ವಿಚ್ಚು ಒತ್ತಿ ನೋಡುತ್ತಾರೆ. "ನೀನು ಏನೇ ಹೇಳು, ನನ್ನ ಅಭಿಪ್ರಾಯ ಬದಲಾಗಲ್ಲ."

"ಬೇಡ ಬಿಡಿ. ಕೇಳಿಸ್ಕೊಂಡ್ರೆ ಸಾಕು."

ಅಷ್ಟರಲ್ಲಿ ಹೆಂಡತಿ ಇಸ್ತ್ರಿ ಮಾಡಿದ ಅಂಗಿ ಹಿಡಿದು ಬರುತ್ತಾರೆ. "ರೀ, ಗಂಟಲು ಮೊದಲೇ ಸರಿ ಮಾಡ್ಕೊಂಡು ಹತ್ತಿ. ನನ್ನ ಥರ ಅರ್ಧ ಟೈಮ್ ಅಲ್ಲೇ ಕಳೀಬೇಡಿ" ಎಂದು ಕಾಲರು ಸರಿಪಡಿಸುತ್ತಾರೆ. ಸಿಟ್ಟು ಪೂರ್ತಿ ಇಳಿದಿಲ್ಲ, ಆದರೂ ಮುಂದಿನ ಸಾಲಿನ ಕುರ್ಚಿಯಲ್ಲೇ ಹೋಗಿ ಕೂರುತ್ತಾರೆ.

ಏನು ಹೇಳಬೇಕೆಂದಿದ್ದೀರಿ ಎಂದು ನಾನು ಕೇಳುತ್ತೇನೆ. ಹಲೋ ಮಾವ ಅಂಗಿಯ ಗುಂಡಿ ಹಾಕುತ್ತಾ ಯೋಚಿಸುತ್ತಾರೆ.

"ಗೆದ್ದೋರ ಹೆಸರು, ಸೋತೋರ ಹೆಸರು, ಜಾತ್ರೇಲಿ ತಪ್ಪಿಸ್ಕೊಂಡ ಮಕ್ಕಳ ಹೆಸರು, ಎಲ್ಲಾ ಇದೇ ಮೈಕಲ್ಲಿ ಕೂಗಿದೀನಿ. ನನ್ನ ಮಗ ಎಲ್ಲಿ ಅಂತ ಯಾರಾದ್ರೂ ಕೇಳಿದ್ರೆ ಮಾತ್ರ, ಬೇರೆ ಕಡೆ ಕೆಲ್ಸಕ್ಕೆ ಹೋಗಿದಾನೆ ಅಂತ ಸುಳ್ಳು ಹೇಳ್ತಿದ್ದೆ. ಇವತ್ತು ಅವನ ಹೆಸರು ಹೇಳ್ತೀನಿ. ಇವನು ನನ್ನ ಮಗ, ಆ ಕೇಂದ್ರದಲ್ಲಿದಾನೆ, ವಾಸಿ ಆಗ್ತಿದಾನೆ ಅಂತೀನಿ."

"ಅಷ್ಟೇನಾ?"

"ಅಷ್ಟೇ. ಮೇಷ್ಟ್ರಿಗೆ ಸ್ವಿಚ್ಚು ಮುಟ್ಟೋ ಕೆಲಸಾನೇ ಇರಲ್ಲ."